ಕಡಲಿನ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಸಮುದ್ರ ಸಂರಕ್ಷಣೆ ಮತ್ತು ಮೀನುಗಾರಿಕೆಯ ನೀತಿ ರೂಪಿಸುವ ಸಚಿವಾಲಯಗಳಿಗೆ, ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಹಾಗೂ ಅವುಗಳಿಗೆ ಸಲಹೆ ನೀಡುವ ವಿಜ್ಞಾನಿಗಳಿಗೆ,

ಮಾನ್ಯರೇ,

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ಜೈವಿಕ ವೈವಿಧ್ಯ ಒಪ್ಪಂದದ ಸದಸ್ಯ ರಾಷ್ಟ್ರಗಳು, 2030ರೊಳಗೆ ಭೂಮಿ ಮತ್ತು ಸಮುದ್ರ ಎರಡರಲ್ಲೂ ಶೇಕಡ 30ರಷ್ಟು ಭಾಗವನ್ನು ಸಂರಕ್ಷಣೆಗೆ ಒಳಪಡಿಸುವ ಗುರಿಯನ್ನು ಒಪ್ಪಿಕೊಂಡವು. 2023ರ ಜೂನ್‌ನಲ್ಲಿ ಅಂಗೀಕಾರಗೊಂಡು 2026ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಒಪ್ಪಂದವು ಯಾವ ದೇಶದ ವ್ಯಾಪ್ತಿಗೂ ಸೇರದ ಸಾಗರದ ಜೀವಸಂಕುಲಕ್ಕೂ ನಿಯಮಗಳನ್ನು ತಂದಿದೆ. ಈ ಎರಡೂ ದಾಖಲೆಗಳಲ್ಲಿ, ವಿಜ್ಞಾನದ ಜೊತೆಗೆ ಮೂಲನಿವಾಸಿಗಳ ಮತ್ತು ಸ್ಥಳೀಯ ಸಮುದಾಯಗಳ ಸಾಂಪ್ರದಾಯಿಕ ಜ್ಞಾನವನ್ನೂ ಪರಿಗಣಿಸಬೇಕೆಂಬ ಮಾತು ಸ್ಪಷ್ಟವಾಗಿಯೇ ಇದೆ. ಆದ್ದರಿಂದ ಕರಾವಳಿಯ ಜನರ ತಿಳಿವಳಿಕೆಯನ್ನು ಗೌರವಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಕಾಗದದ ಮೇಲೆ ಆ ಗೌರವ ಈಗಾಗಲೇ ಸಂದಿದೆ. ನನ್ನ ಆಕ್ಷೇಪವಿರುವುದು ಕೆಲಸ ನಡೆಯುವ ಕ್ರಮದ ಬಗ್ಗೆ. ನಕ್ಷೆಯಲ್ಲಿ ಗಡಿ ಎಳೆದಾದ ಮೇಲೆ, ಸಮೀಕ್ಷೆಯ ವಿಧಾನ ನಿರ್ಧಾರವಾದ ಮೇಲೆ, ಬಲೆ ಮತ್ತು ದೋಣಿಗಳ ಮೇಲಿನ ನಿರ್ಬಂಧದ ಕರಡು ಸಿದ್ಧವಾದ ಮೇಲೆ ಮೀನುಗಾರರ ಸಭೆ ಕರೆಯಲಾಗುತ್ತದೆ; ಅಲ್ಲಿ ಅವರು ಹೇಳಿದ್ದು ವರದಿಯ ಕೊನೆಯಲ್ಲೊಂದು ಅನುಬಂಧವಾಗುತ್ತದೆ, ತೀರ್ಮಾನ ಮಾತ್ರ ಮೊದಲಿದ್ದಲ್ಲಿಯೇ ಇರುತ್ತದೆ. ಈ ಕ್ರಮದಿಂದ ಮೀನುಗಾರರಿಗೆಷ್ಟು ನಷ್ಟವೋ ನಿಮ್ಮ ವಿಜ್ಞಾನಕ್ಕೂ ಅಷ್ಟೇ ನಷ್ಟ ಎಂಬುದಕ್ಕೆ ಹಳೆಯ ನಿದರ್ಶನಗಳಿವೆ.

ಮೊದಲನೆಯದು ಅಲಾಸ್ಕ ತೀರದ್ದು. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಅಲ್ಲಿನ ಇನುಪಿಯಾತ್ ಮತ್ತು ಯೂಪಿಕ್ ಜನರು ಆಹಾರಕ್ಕಾಗಿ ನಡೆಸುತ್ತಿದ್ದ ಬೋಹೆಡ್ ತಿಮಿಂಗಿಲದ ಬೇಟೆಯನ್ನು ನಿಲ್ಲಿಸಲು ತೀರ್ಮಾನಿಸಿತು. ಆಗಿನ ಅಂದಾಜಿನ ಪ್ರಕಾರ ಆ ಸಮುದ್ರದಲ್ಲಿ ಉಳಿದಿದ್ದ ಬೋಹೆಡ್‌ಗಳು ಹೆಚ್ಚೆಂದರೆ ಎರಡು ಸಾವಿರ. ವಸಂತದಲ್ಲಿ ಹಿಮದ ಹಾಸು ಬಿರಿದು ತೆರೆದುಕೊಳ್ಳುವ ನೀರಿನ ಓಣಿಯ ಅಂಚಿನಲ್ಲಿ ನಿಂತು, ಕಣ್ಣಿಗೆ ಕಂಡ ತಿಮಿಂಗಿಲಗಳನ್ನು ಎಣಿಸಿ ಈ ಅಂದಾಜು ಮಾಡಲಾಗಿತ್ತು. ಬೇಟೆಗಾರರು ಇದನ್ನು ಒಪ್ಪಲಿಲ್ಲ. ಬೋಹೆಡ್ ಹಿಮಕ್ಕೆ ಹೆದರುವ ಪ್ರಾಣಿಯಲ್ಲ, ಅದು ಹಿಮದ ಅಡಿಯಲ್ಲೇ ಸಾಗಿ ತೆಳುವಾದ ಕಡೆ ತಲೆಯಿಂದ ಒಡೆದು ಉಸಿರಾಡುತ್ತದೆ, ಮೇಲಾಗಿ ದಡದಿಂದ ಕಾಣದಷ್ಟು ದೂರದಲ್ಲಿಯೂ ಹಿಂಡುಗಳು ಹಾದುಹೋಗುತ್ತವೆ ಎಂಬುದು ಅವರ ವಾದ. ಅವರು ಅದೇ ವರ್ಷ ತಮ್ಮದೇ ಒಂದು ತಿಮಿಂಗಿಲ ಬೇಟೆ ಆಯೋಗವನ್ನು ಕಟ್ಟಿಕೊಂಡು, ಎಣಿಕೆಯ ವಿಧಾನವನ್ನೇ ಬದಲಿಸಬೇಕೆಂದು ಪಟ್ಟುಹಿಡಿದರು. 1980ರ ದಶಕದಲ್ಲಿ ನೀರಿನೊಳಗೆ ಧ್ವನಿಗ್ರಾಹಕಗಳನ್ನು ಇಳಿಸಿ, ವಿಮಾನದಿಂದಲೂ ಸಮೀಕ್ಷೆ ನಡೆಸಿದಾಗ, ಹಿಮದಡಿಯಲ್ಲೂ ದೂರದ ನೀರಿನಲ್ಲೂ ಸಾಗುವ ತಿಮಿಂಗಿಲಗಳು ಎಣಿಕೆಗೆ ಸಿಕ್ಕವು. 2011ರ ಗಣತಿಯ ಅಂದಾಜು ಹದಿನಾರು ಸಾವಿರವನ್ನು ಮೀರಿತು. ಈ ಏರಿಕೆಯಲ್ಲಿ ನಿಜವಾಗಿ ಬೆಳೆದ ಸಂತತಿಯ ಪಾಲು ದೊಡ್ಡದಿದೆ ಎಂಬುದನ್ನು ಮರೆಮಾಚುವಂತಿಲ್ಲ. ಆದರೆ ಮೊದಲ ಲೆಕ್ಕ ಕಡಿಮೆಯಾಗಿತ್ತು ಮತ್ತು ಯಾಕೆ ಕಡಿಮೆಯಾಗಿತ್ತು ಎಂಬುದನ್ನು ಬೇಟೆಗಾರರು ಉಪಕರಣ ಬರುವ ಮೊದಲೇ ಕಾರಣಸಹಿತ ಹೇಳಿದ್ದರು.

ಇದನ್ನು ಓದಿದ ಯಾರಾದರೂ, ಹಿಡಿಯುವವರು ಯಾವಾಗಲೂ 'ಸಮುದ್ರದಲ್ಲಿ ಬೇಕಾದಷ್ಟಿದೆ' ಎಂದೇ ಹೇಳುತ್ತಾರಲ್ಲ ಎಂದು ನಕ್ಕಾರು. ಹಾಗೆ ನಗುವವರು ಕೆನಡಾದ ಪೂರ್ವ ತೀರದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನ ಕತೆಯನ್ನು ಓದಬೇಕು. ಅಲ್ಲಿ 1980ರ ದಶಕದಲ್ಲಿ, ದಡದ ಸಮೀಪದಲ್ಲಿ ಬೋನುಬಲೆ ಮತ್ತು ಗಾಳಗಳಿಂದ ಹಿಡಿಯುತ್ತಿದ್ದ ಸಣ್ಣ ಮೀನುಗಾರರು, ಮೀನು ಕಡಿಮೆಯಾಗುತ್ತಿದೆ, ಸಿಗುವ ಮೀನು ಗಾತ್ರದಲ್ಲಿ ಚಿಕ್ಕದಾಗುತ್ತಿದೆ ಎಂದು ವರ್ಷಗಟ್ಟಲೆ ಎಚ್ಚರಿಸಿದರು. ಸರ್ಕಾರದ ಅಂದಾಜುಗಳು ಬಹುಮಟ್ಟಿಗೆ ಆಳಸಮುದ್ರದ ಸಮೀಕ್ಷೆ ಹಾಗೂ ದೊಡ್ಡ ಟ್ರಾಲರ್‌ಗಳ ಹಿಡಿತದ ಲೆಕ್ಕದ ಮೇಲೆ ನಿಂತಿದ್ದವು. ಟ್ರಾಲರ್‌ಗಳಿಗೆ ಮೀನು ಸಿಗುತ್ತಲೇ ಇತ್ತು, ಏಕೆಂದರೆ ಉಳಿದ ಮೀನು ಕೆಲವೇ ಜಾಗಗಳಲ್ಲಿ ಗುಂಪುಗೂಡುತ್ತಿತ್ತು ಮತ್ತು ಆ ಗುಂಪನ್ನು ಹುಡುಕಿ ತೆಗೆಯುವ ಉಪಕರಣಗಳು ದಿನೇದಿನೇ ಚುರುಕಾಗುತ್ತಿದ್ದವು. ದಡದವರ ಹಿಡಿತವಾದರೋ ಒಂದೇ ಅಳತೆಗೆ ಒಗ್ಗದ, ಊರಿಗೊಂದು ಬಗೆಯ ಮಾಹಿತಿ. ಗಣಿತದ ಮಾದರಿಯಲ್ಲಿ ಅದನ್ನು ಕೂರಿಸಲು ಜಾಗವಿರಲಿಲ್ಲ. 1992ರ ಜುಲೈ 2ರಂದು ಕೆನಡಾ ಸರ್ಕಾರ ಉತ್ತರದ ಕಾಡ್ ಮೀನುಗಾರಿಕೆಯನ್ನೇ ನಿಷೇಧಿಸಬೇಕಾಯಿತು. ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಬಂದ ನಿಷೇಧ ತೆರವಾದದ್ದು 2024ರಲ್ಲಿ.

ಒಂದು ಕಡೆ ನಿಮ್ಮ ಲೆಕ್ಕಕ್ಕಿಂತ ಹೆಚ್ಚಿದೆ ಎಂದರು, ಇನ್ನೊಂದು ಕಡೆ ನಿಮ್ಮ ಲೆಕ್ಕಕ್ಕಿಂತ ಕಡಿಮೆಯಿದೆ ಎಂದರು. ಎರಡೂ ಕಡೆ ಅವರು ತಕರಾರು ತೆಗೆದದ್ದು ಸಂಖ್ಯೆಯ ಬಗ್ಗೆ ಎನ್ನುವುದಕ್ಕಿಂತ ನೀವು ನೋಡುತ್ತಿದ್ದ ಜಾಗದ ಬಗ್ಗೆ. ಎಲ್ಲಿ ನಿಂತು, ಯಾವ ಋತುವಿನಲ್ಲಿ, ಯಾವ ಬಲೆಯಿಂದ ಅಳೆಯಬೇಕು ಎಂಬ ಪ್ರಶ್ನೆ ಸಮೀಕ್ಷೆಗೆ ಮುಂಚೆಯೇ ತೀರ್ಮಾನವಾಗುವಂಥದ್ದು. ಆದ್ದರಿಂದಲೇ ಸಮೀಕ್ಷೆ ಮುಗಿದ ಮೇಲೆ ಕೇಳುವ ಅಭಿಪ್ರಾಯಕ್ಕೆ ಅರ್ಥವಿಲ್ಲ ಎಂದು ಹೇಳುತ್ತಿದ್ದೇನೆ.

ಈ ತಿಳಿವಳಿಕೆ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದನ್ನು ವಿಜ್ಞಾನ ಜಗತ್ತಿಗೆ ಮನವರಿಕೆ ಮಾಡಿಸಿದವರಲ್ಲಿ ಸಮುದ್ರ ಜೀವಶಾಸ್ತ್ರಜ್ಞ ರಾಬರ್ಟ್ ಜೋಹಾನ್ಸ್ ಪ್ರಮುಖರು. 1970ರ ದಶಕದಲ್ಲಿ ಅವರು ಪೆಸಿಫಿಕ್ ಸಾಗರದ ಪಲಾವು ದ್ವೀಪಗಳಲ್ಲಿ ಮೀನುಗಾರರ ಜೊತೆ ಕೆಲಸ ಮಾಡಿದರು. ಹವಳದ ದಿಬ್ಬಗಳ ಬಹಳಷ್ಟು ಮೀನುಗಳು ತಿಂಗಳ ನಿರ್ದಿಷ್ಟ ತಿಥಿಗಳಲ್ಲಿ, ಅಮಾವಾಸ್ಯೆಯ ಸುತ್ತಲೋ ಹುಣ್ಣಿಮೆಯ ಸುತ್ತಲೋ, ದಿಬ್ಬದ ನಿರ್ದಿಷ್ಟ ಕಂಡಿಗಳಲ್ಲಿ ನೆರೆದು ಮೊಟ್ಟೆಯಿಡುತ್ತವೆ. ಇಳಿತದ ನೀರು ಆ ಮೊಟ್ಟೆಗಳನ್ನು ದಿಬ್ಬದ ಮೇಲಿನ ಸಾವಿರಾರು ಬಾಯಿಗಳಿಂದ ಪಾರುಮಾಡಿ ಹೊರಗಿನ ಸಮುದ್ರಕ್ಕೆ ಒಯ್ಯುತ್ತದೆ. ಅಲ್ಲಿನ ಒಬ್ಬ ಹಿರಿಯ ಮೀನುಗಾರ ಬಲ್ಲ ಇಂಥ ಮೀನುಜಾತಿಗಳ ಸಂಖ್ಯೆ, ಅಂದಿನವರೆಗೆ ಇಡೀ ಪ್ರಪಂಚದ ವೈಜ್ಞಾನಿಕ ಸಾಹಿತ್ಯದಲ್ಲಿ ದಾಖಲಾಗಿದ್ದ ಸಂಖ್ಯೆಯ ಹಲವು ಪಟ್ಟು ಇತ್ತೆಂದು ಜೋಹಾನ್ಸ್ ಬರೆದಿದ್ದಾರೆ. ಯಾವ ತಿಥಿಯಲ್ಲಿ ಯಾವ ಕಂಡಿಯಲ್ಲಿ ಮೀನು ನೆರೆಯುತ್ತದೆಂದು ಬಲ್ಲವನು ಕೆಲವೇ ರಾತ್ರಿಗಳಲ್ಲಿ ಆ ಪ್ರದೇಶದ ಇಡೀ ಸಂತತಿಯನ್ನು ಬಾಚಬಲ್ಲ; ಅದನ್ನೇ ಬಲ್ಲವನು ಅಷ್ಟೇ ರಾತ್ರಿಗಳ ಮಟ್ಟಿಗೆ ಬಲೆ ಹಾಕದಿದ್ದರೆ ಇಡೀ ಸಂತತಿಯನ್ನು ಉಳಿಸಲೂ ಬಲ್ಲ. ವರ್ಷವಿಡೀ ಕಡಲನ್ನು ಮುಚ್ಚುವ ಆದೇಶಕ್ಕೆ ಬಗ್ಗದ ಸಮಸ್ಯೆ ಹೀಗೆ ಕೆಲವು ರಾತ್ರಿಗಳ ಸಂಯಮಕ್ಕೆ ಬಗ್ಗುವ ಸಾಧ್ಯತೆ ಇರುತ್ತದೆ, ಆ ರಾತ್ರಿಗಳು ಯಾವುವೆಂದು ಗೊತ್ತಿದ್ದರೆ.

ಇಂಥ ತಿಳಿವಳಿಕೆ ಬಹುತೇಕ ಕಡೆ ಸಿಗುವುದು ಕಟ್ಟಳೆಯ ರೂಪದಲ್ಲಿ. ಪಲಾವುವಿನಲ್ಲಿ 'ಬುಲ್', ಕುಕ್ ದ್ವೀಪಗಳಲ್ಲಿ 'ರಾಉಯಿ', ಫಿಜಿಯಲ್ಲಿ 'ತಂಬು', ಇಂಡೊನೇಷ್ಯಾದ ಮಾಲುಕು ದ್ವೀಪಗಳಲ್ಲಿ 'ಸಾಸಿ' ಎಂದು ಕರೆಯುವ ಪದ್ಧತಿಗಳೆಲ್ಲವೂ ಒಂದು ಜಾಗವನ್ನೋ ಒಂದು ಜೀವಿಯನ್ನೋ ಒಂದಷ್ಟು ಕಾಲ ಮುಟ್ಟಬಾರದೆಂದು ಸಮುದಾಯವೇ ಹಾಕಿಕೊಳ್ಳುವ ತಡೆಗಳು. ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪುಜೀವಿ ಮತ್ತು ಕಡಲಪಾಚಿ ತೆಗೆಯುವ ಹೇನ್ಯೊ ಮಹಿಳೆಯರು ಉಸಿರಾಟದ ಸಿಲಿಂಡರ್ ಬಳಸುವುದಿಲ್ಲ. ಒಂದು ಉಸಿರಿನಲ್ಲಿ ಎಷ್ಟು ಸಿಗುತ್ತದೋ ಅಷ್ಟೇ ಹಿಡಿತದ ಮಿತಿ. ಅವರ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆನಡಾದ ಪೆಸಿಫಿಕ್ ತೀರದ ಮೂಲನಿವಾಸಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಳಿತದ ಗೆರೆಯಲ್ಲಿ ಕಲ್ಲಿನ ಗೋಡೆ ಕಟ್ಟಿ ಹಿಂದೆ ಮರಳು ತುಂಬಿಕೊಳ್ಳುವಂತೆ ಮಾಡಿ, ಚಿಪ್ಪುಮೀನಿನ ತೋಟಗಳನ್ನೇ ನಿರ್ಮಿಸಿದರು. ಕ್ವಾಡ್ರಾ ದ್ವೀಪದ ಇಂಥ ಗೋಡೆಗಳಲ್ಲಿ ಕೆಲವು ಕನಿಷ್ಠ 3,500 ವರ್ಷ ಹಳೆಯವು ಎಂದು ಕಾಲನಿರ್ಣಯವಾಗಿದೆ. ಗೋಡೆಯಿಲ್ಲದ ತೀರಕ್ಕಿಂತ ಗೋಡೆಯಿರುವ ಕಡೆ ಚಿಪ್ಪುಮೀನುಗಳ ಸಂಖ್ಯೆ ಜಾತಿಗೆ ತಕ್ಕಂತೆ ಎರಡರಿಂದ ನಾಲ್ಕು ಪಟ್ಟು ಹೆಚ್ಚೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಮನುಷ್ಯರ ಕೈ ತಾಗದ ಸಮುದ್ರವೇ ಶುದ್ಧ ಸಮುದ್ರ ಎಂಬ ನಂಬಿಕೆಯಿಂದ ಗಡಿ ಎಳೆಯುವವರಿಗೆ ಈ ತೋಟಗಳು ಒಂದು ತೊಡಕು. ಅಲ್ಲಿ ಕೈ ತಾಗದ ತೀರದಲ್ಲೇ ಚಿಪ್ಪುಮೀನು ಕಡಿಮೆ.

ಹಾಗೆಂದು ಪರಂಪರೆ ಎಂದ ಕೂಡಲೇ ಕೈಮುಗಿಯಿರಿ ಎಂದು ನಾನು ಹೇಳಲಾರೆ. ವರ್ಷಗಟ್ಟಲೆ ಮುಚ್ಚಿದ್ದ ದಿಬ್ಬವನ್ನು ಒಂದು ಸಮಾರಂಭಕ್ಕಾಗಿ ತೆರೆದು, ಅಲ್ಲಿ ಕೂಡಿಕೊಂಡಿದ್ದ ಮೀನನ್ನು ಕೆಲವೇ ವಾರಗಳಲ್ಲಿ ಬಾಚಿ ಮುಗಿಸಿದ ಉದಾಹರಣೆಗಳಿವೆ. ಅಂಥ ಕಟ್ಟಳೆಗಳು ಹುಟ್ಟಿದ ಕಾಲದಲ್ಲಿ ಮೋಟಾರು ದೋಣಿ, ಮಂಜುಗಡ್ಡೆಯ ಪೆಟ್ಟಿಗೆ, ದೂರದ ಮಾರುಕಟ್ಟೆಯ ಖರೀದಿದಾರ ಇರಲಿಲ್ಲ. ನೀರು ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಹಳೆಯ ಸೂಚನೆಗಳೂ ಕೆಲವೆಡೆ ಹುಸಿಯಾಗುತ್ತಿವೆ. ಗಾಳಿ ತಿರುಗಿದರೂ ಮೀನು ಬಾರದ ಹಂಗಾಮುಗಳು ಈಗ ಅಪರೂಪವಲ್ಲ. ಜೊತೆಗೆ, ದಡದಿಂದ ನೂರಾರು ಮೈಲಿ ಆಚೆ ವಲಸೆ ಹೋಗುವ ಟ್ಯೂನಾದಂಥ ಮೀನಿನ ಒಟ್ಟು ಸಂತತಿ ಎಷ್ಟೆಂಬುದು ಯಾವುದೇ ಒಂದು ಊರಿನವರ ಅನುಭವಕ್ಕೆ ನಿಲುಕುವ ವಿಷಯವಲ್ಲ, ಅಲ್ಲಿ ನಿಮ್ಮ ಹಡಗು ಮತ್ತು ಗಣಿತವೇ ಬೇಕು. ಆದರೆ ಇವೆಲ್ಲ ಆ ತಿಳಿವಳಿಕೆಯನ್ನು ಪರೀಕ್ಷಿಸಲು, ತಿದ್ದಲು, ಜೊತೆಗೂಡಿ ಬೆಳೆಸಲು ಇರುವ ಕಾರಣಗಳು. ನಿಮ್ಮ ಮಾದರಿಗಳು ತಪ್ಪಿದಾಗ ನೀವು ವಿಜ್ಞಾನವನ್ನೇ ಕೈಬಿಡುವುದಿಲ್ಲವಷ್ಟೆ.

ಸಮುದಾಯದ ಒಳಗೂ ಯಾರನ್ನು ಕೇಳುತ್ತೇವೆ ಎಂಬುದು ಮುಖ್ಯ. ಸಮಾಲೋಚನೆ ಎಂದರೆ ದೋಣಿಯ ಮಾಲೀಕರನ್ನು, ಸಂಘದ ಅಧ್ಯಕ್ಷರನ್ನು ಕರೆಯುವುದು ಎಂಬ ರೂಢಿ ಎಲ್ಲೆಡೆ ಇದೆ. ಇಳಿತದ ಹೊತ್ತಿನಲ್ಲಿ ಕೆಸರುಬಯಲು ಮತ್ತು ದಿಬ್ಬದ ಮೇಲೆ ನಡೆದು ಚಿಪ್ಪುಮೀನು, ಏಡಿ, ಆಕ್ಟೋಪಸ್, ಕಡಲಪಾಚಿ ಆರಿಸುವ ಹೆಂಗಸರು ಆ ಸಭೆಯಲ್ಲಿ ಇರುವುದಿಲ್ಲ, ಏಕೆಂದರೆ ಬಂದರಿನಲ್ಲಿ ದೋಣಿ ಇಳಿಸುವ ಮೀನಿನ ಲೆಕ್ಕದಲ್ಲಿ ಅವರ ಬುಟ್ಟಿ ಸೇರುವುದೇ ಇಲ್ಲ. ಜಗತ್ತಿನ ಒಟ್ಟು ಮೀನು ಹಿಡಿತದಲ್ಲಿ ಕನಿಷ್ಠ ಶೇಕಡ 40ರಷ್ಟು ಸಣ್ಣ ಪ್ರಮಾಣದ ಮೀನುಗಾರಿಕೆಯದು, ಆ ವಲಯದಲ್ಲಿ ದುಡಿಯುವ ಹತ್ತು ಜನರಲ್ಲಿ ನಾಲ್ವರು ಮಹಿಳೆಯರು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಹಭಾಗಿಗಳೊಡನೆ 2023ರಲ್ಲಿ ಹೊರತಂದ ವರದಿ ಹೇಳುತ್ತದೆ. ಸಮುದ್ರಹುಲ್ಲಿನ ಬಯಲು ಎಲ್ಲಿಂದ ಎಲ್ಲಿಗೆ ಸರಿಯಿತು, ಯಾವ ಚಿಪ್ಪು ಕಾಣೆಯಾಯಿತು ಎಂಬುದು ಆಳಕ್ಕೆ ದೋಣಿ ಒಯ್ಯುವ ಗಂಡಸಿಗಿಂತ ಅದೇ ಬಯಲಿನಲ್ಲಿ ದಿನವೂ ಬಗ್ಗಿ ನಡೆಯುವ ಹೆಂಗಸಿಗೆ ಹೆಚ್ಚು ಗೊತ್ತಿರುತ್ತದೆ.

ವಯಸ್ಸಿನ ವಿಷಯವೂ ಹಾಗೆಯೇ. ಪ್ರತಿ ಪೀಳಿಗೆಯೂ ತಾನು ಕಣ್ಣುಬಿಟ್ಟಾಗ ಕಂಡ ಸಮುದ್ರವನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತದೆ ಎಂದು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಎಚ್ಚರಿಸಿದ್ದರು. ಹತ್ತು ವರ್ಷಗಳ ನಂತರ ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಮೂರು ತಲೆಮಾರಿನ 108 ಮೀನುಗಾರರನ್ನು ಮಾತನಾಡಿಸಿದ ಅಧ್ಯಯನವೊಂದು ಇದಕ್ಕೆ ಅಂಕಿಯ ಬಲ ಕೊಟ್ಟಿತು. ಬರಿದಾಗಿವೆ ಎಂದು ಹಿರಿಯರು ಹೆಸರಿಸಿದ ಮೀನುಜಾತಿಗಳು ಕಿರಿಯರು ಹೆಸರಿಸಿದವುಗಳ ಐದು ಪಟ್ಟಿದ್ದವು, ಬರಿದಾದ ಜಾಗಗಳು ನಾಲ್ಕು ಪಟ್ಟು. ಸಮೀಕ್ಷೆಯ ಹಡಗು ಬರುವ ಮೊದಲಿನ ಸಮುದ್ರದ ಬಗ್ಗೆ ಈ ಹಿರಿಯರ ಸ್ಮೃತಿಯ ಹೊರತು ಬೇರೆ ದಾಖಲೆ ಬಹಳಷ್ಟು ತೀರಗಳಲ್ಲಿ ಇಲ್ಲ.

ಈ ಹಂತದಲ್ಲಿ ಅಧಿಕಾರಿಗಳು ಸಾಮಾನ್ಯವಾಗಿ ಮುಂದಿಡುವ ಯೋಜನೆ ದಾಖಲೀಕರಣ: ಹಿರಿಯರ ಸಂದರ್ಶನ, ಜಾಗಗಳ ನಕ್ಷೆ, ಎಲ್ಲರಿಗೂ ತೆರೆದ ದತ್ತಾಂಶ ಕೋಶ. ಇಲ್ಲಿ ನಾನು ಗಟ್ಟಿಯಾಗಿ ಎಚ್ಚರಿಸಬೇಕಾಗಿದೆ. ಮೀನು ನೆರೆದು ಮೊಟ್ಟೆಯಿಡುವ ಜಾಗ ಮತ್ತು ತಿಥಿಯನ್ನು ನಕ್ಷೆಯಲ್ಲಿ ಪ್ರಕಟಿಸುವುದೆಂದರೆ ಅದನ್ನು ಮೊದಲು ಬಳಸಿಕೊಳ್ಳುವ ಅವಕಾಶವನ್ನು ವೇಗದ ದೋಣಿಯುಳ್ಳ ಹೊರಗಿನವನಿಗೆ ಕೊಡುವುದು. ಕೆರಿಬಿಯನ್ ಸಮುದ್ರದ ನಸಾವು ಗ್ರೂಪರ್ ಮೀನು ಕುಸಿದದ್ದು ಹೀಗೆ ನೆರೆಯುವ ಜಾಗಗಳಿಗೇ ದೋಣಿಗಳು ಮುತ್ತಿದ್ದರಿಂದ. ಅದೇ ಸಮುದ್ರದ ಬೆಲೀಜ್ ದೇಶದಲ್ಲಿ ಮೀನುಗಾರರು ಬಲ್ಲ ಇಂಥ ಜಾಗಗಳ ಮಾಹಿತಿ ಕಾವಲಿನ ನೆಲೆಯಾಯಿತು: ಗ್ಲ್ಯಾಡನ್ ಸ್ಪಿಟ್ ಎಂಬಲ್ಲಿ ಹುಣ್ಣಿಮೆಯ ಸುಮಾರಿಗೆ ಸ್ನ್ಯಾಪರ್ ಮೀನುಗಳು ಮೊಟ್ಟೆಯಿಡಲು ನೆರೆಯುತ್ತವೆ, ಆ ಮೊಟ್ಟೆ ತಿನ್ನಲು ತಿಮಿಂಗಿಲ ಶಾರ್ಕ್‌ಗಳು ಬರುತ್ತವೆ, 2000ದಲ್ಲಿ ಆ ಜಾಗ ರಕ್ಷಿತ ವಲಯವಾಯಿತು, ಮುಂದಿನ ಕೆಲವೇ ವರ್ಷಗಳಲ್ಲಿ ಗ್ರೂಪರ್ ನೆರೆಯುವ ಹನ್ನೊಂದು ಜಾಗಗಳಿಗೂ ರಕ್ಷಣೆ ಸಿಕ್ಕಿತು. ಎರಡೂ ಕಡೆ ಗುಟ್ಟು ಒಂದೇ. ಅದು ಯಾರ ಕೈ ಸೇರಿತು, ಕೈ ಸೇರುವ ಮೊದಲು ಕಾವಲು ಬಂತೇ ಎಂಬುದರಲ್ಲಿ ವ್ಯತ್ಯಾಸ.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. 1992ರ ಜೈವಿಕ ವೈವಿಧ್ಯ ಒಪ್ಪಂದದ 8ನೇ ವಿಧಿಯ 'ಜೆ' ಉಪವಿಧಿ, ಜ್ಞಾನ ಉಳ್ಳವರ ಒಪ್ಪಿಗೆ ಮತ್ತು ಪಾಲುದಾರಿಕೆಯಿಂದಲೇ ಅದರ ಬಳಕೆಯನ್ನು ವಿಸ್ತರಿಸಬೇಕು ಎನ್ನುತ್ತದೆ. ಅದೇ ಒಪ್ಪಂದದಡಿಯ 2010ರ ನಗೋಯಾ ಶಿಷ್ಟಾಚಾರವೂ 2024ರಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಅಂಗೀಕಾರವಾದ ಒಪ್ಪಂದವೂ ಮುಖ್ಯವಾಗಿ ಆನುವಂಶಿಕ ಸಂಪನ್ಮೂಲಗಳಿಗೆ, ಅಂದರೆ ವಂಶವಾಹಿಗಳುಳ್ಳ ಜೈವಿಕ ವಸ್ತುಗಳಿಗೆ, ಸಂಬಂಧಿಸಿದವು. ಸ್ಪಂಜು ಎಂಬ ಕಡಲಜೀವಿಯಿಂದ ಔಷಧ ತಯಾರಾದರೆ ಲಾಭದ ಪಾಲು ಕೇಳಲು ದಾರಿಯುಂಟು. ಆದರೆ ಮೀನು ನೆರೆಯುವ ಕಂಡಿಯ ಗುರುತು ಸೋರಿಹೋದರೆ ಕೇಳಲು ಅಂಥ ದಾರಿ ಕಾಣುವುದಿಲ್ಲ. ಇಂಥ ಮಾಹಿತಿಯನ್ನು ಗೋಪ್ಯವೆಂದು ಘೋಷಿಸುವ, ಅದರ ಕೀಲಿಯನ್ನು ಹೇಳಿದವರ ಕೈಯಲ್ಲೇ ಇಡುವ, ಅವರು ಬೇಡವೆಂದರೆ ಅಳಿಸಿಹಾಕುವ ನಿಯಮವನ್ನು ನಿಮ್ಮ ಇಲಾಖೆಗಳು ಹೊಸ ಕಾಯಿದೆಗೆ ಕಾಯದೆ ಇಂದೇ ಮಾಡಿಕೊಳ್ಳಬಹುದು.

ದಾಖಲೀಕರಣದ ಬಗ್ಗೆ ನನಗಿರುವ ಇನ್ನೂ ದೊಡ್ಡ ಆತಂಕ ಬೇರೆ. ಸಮುದ್ರಕ್ಕೆ ಇಳಿಯುವ ಹಕ್ಕು ಹೋದ ಮೇಲೆ ಉಳಿಯುವ ಧ್ವನಿಮುದ್ರಿಕೆ ಹೊಸದೇನನ್ನೂ ಕಲಿಯಲಾರದು. ಇದೇ ಕಾರಣಕ್ಕೆ ಹಕ್ಕಿನ ಪ್ರಶ್ನೆಯನ್ನು ಜ್ಞಾನದ ಪ್ರಶ್ನೆಯಿಂದ ಬಿಡಿಸಿ ನೋಡಲಾಗದು. ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವು 2008ರ ಬ್ಲೂ ಮಡ್ ಬೇ ತೀರ್ಪಿನಲ್ಲಿ, ಉಬ್ಬರವಿಳಿತದ ನಡುವಿನ ತೀರದ ಮೇಲಿನ ನೀರಿಗೆ ಯಾರು ಪ್ರವೇಶಿಸಬಹುದೆಂದು ತೀರ್ಮಾನಿಸುವ ಅಧಿಕಾರ ಆ ನೆಲದ ಸಾಂಪ್ರದಾಯಿಕ ಒಡೆಯರಿಗಿದೆ ಎಂದಿತು. 2013ರಲ್ಲಿ, ಆ ದೇಶದ ಉತ್ತರ ತುದಿಯ ಟಾರೆಸ್ ಜಲಸಂಧಿಯ ದ್ವೀಪವಾಸಿಗಳ ಪ್ರಕರಣದಲ್ಲಿ, ಸಮುದ್ರದಿಂದ ಸಂಪನ್ಮೂಲ ತೆಗೆಯುವ ಅವರ ಪಾರಂಪರಿಕ ಹಕ್ಕು ವ್ಯಾಪಾರದ ಉದ್ದೇಶಕ್ಕೂ ಅನ್ವಯಿಸುತ್ತದೆ ಎಂದು ಎತ್ತಿಹಿಡಿಯಿತು. ಹಬ್ಬಕ್ಕೆ ನಾಲ್ಕು ಮೀನು ಹಿಡಿದುಕೊಳ್ಳಲಿ ಎಂಬ ಔದಾರ್ಯಕ್ಕೂ, ಹಿಡಿದು ಮಾರಿ ಬದುಕುವ ಹಕ್ಕಿಗೂ ಇರುವ ದೂರವನ್ನು ಈ ಎರಡನೆಯ ತೀರ್ಪು ಗುರುತಿಸಿದೆ. 2014ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಅಂಗೀಕಾರವಾದ ಸಣ್ಣ ಪ್ರಮಾಣದ ಮೀನುಗಾರಿಕೆಯ ಮಾರ್ಗಸೂಚಿಗಳು ಒಡೆತನ ಮತ್ತು ಬಳಕೆಯ ಹಕ್ಕುಗಳಿಗೇ ಪ್ರಾಧಾನ್ಯ ಕೊಟ್ಟಿದ್ದರೂ ಅವು ಐಚ್ಛಿಕ. ಯಾರೂ ಪಾಲಿಸಲೇಬೇಕಾಗಿಲ್ಲ, ಆದ್ದರಿಂದ ಎಲ್ಲರೂ ಒಪ್ಪಲು ತಯಾರು.

ಹಕ್ಕು ಮತ್ತು ತಿಳಿವಳಿಕೆ ಒಂದೇ ಕೈಯಲ್ಲಿದ್ದಾಗ ಏನಾಗಬಹುದೆಂಬುದಕ್ಕೆ ಫಿಜಿಯ ಉದುನಿವನುವಾ ಹಳ್ಳಿ ಸಾಕ್ಷಿ. ತಾವು ತಿಂದು, ಮಾರಿ ಬದುಕುತ್ತಿದ್ದ ಕೈಕೊಸೊ ಎಂಬ ಚಿಪ್ಪುಮೀನು ವಿರಳವಾಗಿದ್ದನ್ನು ಕಂಡ ಹಳ್ಳಿಯವರು 1997ರಲ್ಲಿ 24 ಹೆಕ್ಟೇರ್‌ಗಳಷ್ಟು ಕೆಸರುಬಯಲು ಮತ್ತು ಸಮುದ್ರಹುಲ್ಲಿನ ಜಾಗಕ್ಕೆ ಮೂರು ವರ್ಷದ ತಡೆ ಹಾಕಿದರು. ವಿಶ್ವವಿದ್ಯಾಲಯದವರು ಬಂದು ಎಣಿಸುವ ವಿಧಾನ ಕಲಿಸಿದರು, ಎಣಿಸಿದವರು ಹಳ್ಳಿಯವರೇ. ತಡೆಯೊಳಗೆ ಮಾತ್ರವಲ್ಲದೆ ಅದರ ಸುತ್ತಲಿನ ಬಯಲಿನಲ್ಲೂ ಚಿಪ್ಪುಮೀನು ಹಲವು ಪಟ್ಟು ಹೆಚ್ಚಿತು, ಪಕ್ಕದ ಹಳ್ಳಿಗಳು ಅನುಸರಿಸಿದವು, ದೇಶವ್ಯಾಪಿಯಾಗಿ ಒಂದು ಜಾಲ ಬೆಳೆಯಿತು. ನಾನು ಈ ಪತ್ರದಲ್ಲಿ ಕೇಳುತ್ತಿರುವುದರ ಬಹುಪಾಲು ಈ ಒಂದೇ ಹಳ್ಳಿಯ ಅನುಭವದಲ್ಲಿದೆ: ಪ್ರಶ್ನೆ ಎತ್ತಿದವರು ಅಲ್ಲಿನವರು, ಗಡಿ ಗುರುತಿಸಿದವರು ಅಲ್ಲಿನವರು, ವಿಜ್ಞಾನ ಅವರು ಕರೆದಾಗ ಅವರ ಪ್ರಶ್ನೆಗೆ ಉತ್ತರ ಹುಡುಕಲು ಬಂತು.

ಇದಕ್ಕೆಲ್ಲ ಸಮಯವೆಲ್ಲಿದೆ, 2030 ಹತ್ತಿರ ಬಂತಲ್ಲ ಎಂಬ ಉತ್ತರವನ್ನು ನಾನು ನಿರೀಕ್ಷಿಸುತ್ತೇನೆ. ಉಷ್ಣವಲಯದ ತೀರಗಳಲ್ಲಿ ಸಾವಿರಾರು ಸಣ್ಣ ಮೀನುಗಾರಿಕೆಗಳಿವೆ, ಪ್ರತಿಯೊಂದಕ್ಕೂ ಪೂರ್ಣ ವೈಜ್ಞಾನಿಕ ಅಂದಾಜು ಮಾಡಲು ಬೇಕಾಗುವ ಹಣ ಮತ್ತು ಜನ ಎಂದೂ ಒದಗುವುದಿಲ್ಲ, ಆದ್ದರಿಂದ ಸ್ಥಳೀಯ ತಿಳಿವಳಿಕೆಯನ್ನು ನೆಚ್ಚಿ ಈಗಲೇ ಎಚ್ಚರಿಕೆಯ ಕ್ರಮ ಕೈಗೊಳ್ಳುವುದೇ ವಿವೇಕ ಎಂದು ಅದೇ ಜೋಹಾನ್ಸ್ 1998ರಲ್ಲಿ ವಾದಿಸಿದ್ದರು. ಅಂದರೆ ಸಮಯ ಕಡಿಮೆಯಿರುವುದೇ ಆ ಜನರ ಬಳಿಗೆ ಮೊದಲು ಹೋಗಲು ಕಾರಣ.

ಆದುದರಿಂದ ನನ್ನ ಬೇಡಿಕೆ ಸೀಮಿತವಾದದ್ದು ಮತ್ತು ನಿಮ್ಮ ಈಗಿನ ಅಧಿಕಾರದೊಳಗೇ ಸಾಧ್ಯವಾಗುವಂಥದ್ದು. ಯಾವುದೇ ರಕ್ಷಿತ ವಲಯದ ಗಡಿಯ ಅಥವಾ ಸಂತತಿ ಸಮೀಕ್ಷೆಯ ವಿಧಾನದ ಕರಡು ಹೊರಬೀಳುವ ಮೊದಲೇ, ಆ ನೀರನ್ನು ಬಳಸುವ ಗಂಡಸರು, ಹೆಂಗಸರು ಮತ್ತು ಹಿರಿಯರನ್ನು ಅವರದೇ ಭಾಷೆಯಲ್ಲಿ, ಅವರು ಕಡಲಿಗೆ ಹೋಗದ ದಿನಗಳಲ್ಲಿ ಕೇಳಿ. ಅವರು ಗೋಪ್ಯವೆಂದದ್ದನ್ನು ಬಿಟ್ಟು ಉಳಿದುದನ್ನು ಬರೆದು ಅವರಿಗೇ ಓದಿ ಹೇಳಿ. ಅಂತಿಮ ಆದೇಶದಲ್ಲಿ ಅವರ ಒಂದೊಂದು ಮಾತಿಗೂ ಎದುರಾಗಿ, ಒಪ್ಪಿದ್ದರೆ ಏನು ಬದಲಾಯಿತು, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂಬುದನ್ನು ಅಧಿಕಾರಿಯ ಸಹಿಯೊಡನೆ ಪ್ರಕಟಿಸಿ. ಆ ಉತ್ತರ ಇಲ್ಲದ ಆದೇಶಕ್ಕೆ ನಿಮ್ಮದೇ ಮೇಲಿನ ಕಚೇರಿ ಒಪ್ಪಿಗೆ ಕೊಡದಿರಲಿ.

ಇತಿ,
ಸಮುದ್ರದ ವಿಷಯದಲ್ಲಿ ಆಸಕ್ತಿಯುಳ್ಳ ಒಬ್ಬ ನಾಗರಿಕ